ಜಾವಾದ ಲೆಕ್ಕದಲ್ಲಿ ಸುರಪುರ

ಯಾದಗಿರಿ, ಶಹಾಪುರ, ಸುರಪುರ ಮೂರಕ್ಕೂ ನಾಲ್ಕೇ ಅಕ್ಷರ. ಒಂದನೇ ಕ್ಲಾಸಿನ ಹುಡುಗಿಯೂ ಬೆರಳು ಮಡಚಿ ಹೇಳಿಯಾಳು. ಪ್ರೋಗ್ರಾಮಿಂಗ್ ಭಾಷೆ ಜಾವಾದ ಲೆಂಗ್ತ್ ಕೇಳಿ ನೋಡಿ: ಯಾದಗಿರಿಗೆ 7, ಉಳಿದೆರಡಕ್ಕೂ 6. ಯಾದಗಿರಿ 2009ರಲ್ಲಿ ಜಿಲ್ಲಾ ಕೇಂದ್ರವಾಗಿದ್ದಕ್ಕೆ ಸಿಕ್ಕ ಬಡ್ತಿ ಇದಲ್ಲ. ಕೊಂಬು, ಇಳಿ, ಗುಡಿಸುಗಳನ್ನೂ ಆ ಮಹಾಶಯ ಬಿಡಿಬಿಡಿಯಾಗಿ ತಲೆ ಎಣಿಸುತ್ತಾನೆ, ಅಷ್ಟೆ. ಸ್ಟ್ರಿಂಗ್ ಬಿಲ್ಡರಿನ ರಿವರ್ಸ್ ಕೈಗೆ ಕೊಟ್ಟರಂತೂ ಸುರಪುರ ‘ರುಪರುಸ’ ಆಗುತ್ತದೆ. ಸರಿಯಾಗಿ ತಿರುಗಿಸಿದ್ದರೆ ‘ರಪುರಸು’ ಆಗಬೇಕಿತ್ತು. ಕೊಂಬುಗಳು ಹೇಳದೆ ಕೇಳದೆ ಪಕ್ಕದ ಮನೆ ಸೇರಿವೆ. ಯಾದಗಿರಿಯ ಕಡೆಯ ಗುಡಿಸು ಮುಂದೆ ಬಂದು, ವ್ಯಂಜನವೇ ಸಿಗದೆ, ಚುಕ್ಕಿಗಳ ಬಳೆಯೊಂದನ್ನು ಆತುಕೊಂಡು ನಿಲ್ಲುತ್ತದೆ.

‘ಲೆಂಗ್ತ್ ಎಣಿಸುವುದು 16 ಬಿಟ್‌ಗಳ ತುಣುಕುಗಳನ್ನು, ಅಕ್ಷರಗಳನ್ನಲ್ಲ, ಕೈಪಿಡಿಯಲ್ಲೇ ಬರೆದಿದೆಯಲ್ಲ’ ಎನ್ನಬಹುದು ಬಲ್ಲವರು. ನಿಜ. ಆದರೆ ಅರ್ಜಿಯ ಹೆಸರಿನ ಡಬ್ಬಿಗೆ 20 ಅಕ್ಷರದ ಮಿತಿ ಹಾಕುವಾತ ಕರೆಯುವುದು ಇದೇ ಲೆಂಗ್ತನ್ನು, ಕೈಪಿಡಿಯನ್ನಲ್ಲ. ‘ಅಕ್ಷರ ಬಿಡಿಸಲು ಬ್ರೇಕ್ ಇಟರೇಟರ್ ಇದೆ, ಐಸಿಯು ಲೈಬ್ರರಿ ಇದೆ’ ಎಂಬುದು ಇನ್ನೊಂದು ವಾದ. ಗುಣಿತಕ್ಕೆ ಒಪ್ಪೋಣ. ಒತ್ತಕ್ಷರ ಬಂದರೆ? ಜಾವಾ 9ರಲ್ಲಿ ರೆಜೆಕ್ಸಿಗೆ ಸೇರಿದ ಅಕ್ಷರ ಗುರುತಿಸುವ ಸೂತ್ರಕ್ಕೆ ಕೃಷ್ಣಾ ನದಿಯನ್ನು ಕೊಟ್ಟರೆ, ಎರಡಕ್ಷರದ ಹೊಳೆ ಕೃ, ಷ್, ಣಾ ಎಂದು ಮೂರು ಕವಲಾಗುತ್ತದೆ. ಅಣೆಕಟ್ಟೂ ಇಲ್ಲ, ಕಾಲುವೆಯೂ ಇಲ್ಲ! ಹಾಗೆಂದು ಜಾವಾ ಬಿಡಬೇಕಿಲ್ಲ. ಅದು ಯೂನಿಕೋಡನ್ನು ಹುಟ್ಟಿನಿಂದಲೇ ಒಪ್ಪಿಕೊಂಡ ಭಾಷೆ. ಬದಲಾಗಬೇಕಾದ್ದು ಜೆಯೂನಿಟ್ ಪರೀಕ್ಷೆಗಳಲ್ಲಿ ಜಾನ್ ಡೋ ಒಬ್ಬನನ್ನೇ ಕೂರಿಸುವ ಚಾಳಿ. ಅವನಿಗೆ ಕೊಂಬಿಲ್ಲ, ಒತ್ತಿಲ್ಲ. ಪಾಸಾಗದೆ ಏನು ಮಾಡಿಯಾನು?