ತೂಕಕ್ಕೆ ಸಿಗದ ಲೋಡು

ಚಿತ್ರದುರ್ಗದಿಂದ ಈರುಳ್ಳಿ ತುಂಬಿಕೊಂಡು ಒಂದು ಲಾರಿ ಯಶವಂತಪುರದ ಮಂಡಿಗೆ ಹೊರಟಿತೆನ್ನಿ. ಹೆಚ್ಚುಕಮ್ಮಿ 200 ಕಿಲೋಮೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಹಿಡಿದರೂ 50 ಲೀಟರ್ ಡೀಸೆಲ್. ತೂಕಕ್ಕಿಟ್ಟರೆ ಅದು 42 ಕಿಲೋ. ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ 2.68 ಕಿಲೋ. ಅಂದರೆ 42 ಕಿಲೋ ಕುಡಿದ ಲಾರಿ ಮಂಡಿ ಮುಟ್ಟುವಷ್ಟರಲ್ಲಿ 134 ಕಿಲೋ ಉಗುಳಿರುತ್ತದೆ. ಹೆಚ್ಚಾದ ತೂಕ ದಾರಿಯ ಗಾಳಿಯಿಂದ ಹತ್ತಿಕೊಂಡ ಆಮ್ಲಜನಕದ್ದು. ಅದು ಬಾಡಿಗೆ ಕೊಡುವುದಿಲ್ಲ, ಟೋಲ್ ಕಟ್ಟುವುದಿಲ್ಲ. ಎರಡು ಚೀಲ ಈರುಳ್ಳಿ ಜಾಸ್ತಿ ಹೇರಿದರೆ ಅಡ್ಡಗಟ್ಟಿ ದಂಡ ಬರೆಯುವವರಿದ್ದಾರೆ. ಎರಡೂವರೆ ಚೀಲದಷ್ಟಿರುವ ಈ ಲೋಡನ್ನು ಮಾತ್ರ ಯಾವ ವೇಬ್ರಿಡ್ಜೂ ತೂಗುವುದಿಲ್ಲ. ವಾಪಸ್ ಲೋಡು ಸಿಗದೆ ಲಾರಿ ಖಾಲಿ ಬಂದರೂ ಇದೊಂದು ಸರಕು ಇದ್ದೇ ಇರುತ್ತದೆ.

ಸರಕು ಸಾಗಣೆಯನ್ನು ಹಸಿರು ಮಾಡುವ ಸಭೆಗಳು ಬೆಂಗಳೂರಿನಲ್ಲಿ ನಡೆಯುತ್ತವೆ. ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ಬರುವಾಗ ಕೈಗೊಂದು ಗಿಡ ಕೊಟ್ಟರು. ಬೆಳೆದ ಮರವೊಂದು ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ ಸುಮಾರು 20 ಕಿಲೋ ಎನ್ನುತ್ತಾರೆ. ಹಾಗಾದರೆ ಮೇಲಿನ ಈರುಳ್ಳಿಯ ಒಂದು ಟ್ರಿಪ್ಪಿಗೆ ಏಳು ಮರ ವರ್ಷವಿಡೀ ದುಡಿಯಬೇಕು. ನನ್ನ ಗಿಡ ಹಿರಿಯೂರಿನ ಬಿಸಿಲಿನಲ್ಲಿ ಆರು ದಿನ ದುಡಿದು ಸ್ವಯಂ ನಿವೃತ್ತಿ ಪಡೆಯಿತು.

ಇದರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಪಾತ್ರವೇನು ಎನ್ನಬೇಡಿ. ಬೆಂಗಳೂರು-ಪುಣೆ-ಮುಂಬೈ ಸರಕೆಲ್ಲ ಹೆದ್ದಾರಿ 48ರ ಮೇಲೆ ನಮ್ಮ ಹೊಸಿಲು ತುಳಿದುಕೊಂಡೇ ಓಡಾಡಬೇಕು. ಸೊಲ್ಲಾಪುರದ ಕಡೆಯ ಲಾರಿಗಳು ಚಿತ್ರದುರ್ಗದಲ್ಲಿ, ಬಳ್ಳಾರಿ ಕಡೆಯವು ಹಿರಿಯೂರಿನಲ್ಲಿ ಬಂದು ಸೇರಿಕೊಳ್ಳುತ್ತವೆ. ಗುಯಿಲಾಳು ಟೋಲಿನಲ್ಲಿ ಫಾಸ್ಟ್ಯಾಗ್ ಕಿರ್ ಎಂದರೆ ದುಡ್ಡು ದಿಲ್ಲಿಗೆ ಹೋಯಿತು, ಸರಕು ಬೆಂಗಳೂರಿಗೆ ಹೋಯಿತು. ಹೊಗೆಯೊಂದೇ ಇಲ್ಲಿ ಅನ್‌ಲೋಡ್ ಆಗುವುದು, ಹಮಾಲಿಯಿಲ್ಲದೆ.

ಹಿರಿಯೂರಿನ ಹೊರಗೆ ಒಂದು ಸಂಜೆ ಟೀ ಕುಡಿಯುತ್ತ ನಿಂತಿದ್ದೆ. ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ಬಂತು. ಅರವತ್ತು ಮೀಟರಿಗೆ ಕಡಿಮೆಯಿಲ್ಲದ ಒಂದೇ ರೆಕ್ಕೆ. ಮುಂದಿನ ಚಕ್ರ ಹೊಸದುರ್ಗದ ಕಡೆ ತಿರುಗಿದ ಮೇಲೂ ಹಿಂದಿನ ತುದಿ ಟೀ ಅಂಗಡಿಯ ತಗಡಿನ ಮೇಲೇ ಇತ್ತು. ಬಿದಿರು ಗಳು ಹಿಡಿದ ಹುಡುಗನೊಬ್ಬ ಟಿವಿ ಕೇಬಲ್ಲುಗಳನ್ನು ಮದುವೆ ಚಪ್ಪರದ ಹಾಗೆ ಎತ್ತಿ ಹಿಡಿದ. ಅರ್ಧ ಗಂಟೆ ಎರಡೂ ಕಡೆ ಲಾರಿಗಳು ಸಾಲುಗಟ್ಟಿದವು. ಎಂಜಿನ್ ಆರಿಸಿದವರನ್ನು ನಾನು ಕಾಣಲಿಲ್ಲ. ಪಕ್ಕದಲ್ಲಿ ನಿಂತ ಡ್ರೈವರಣ್ಣ ಗ್ಲಾಸಿನ ತಳದ ಚರಟ ಚೆಲ್ಲಿ ಹೇಳಿದ: "ತಿರುಗೋದು ಗಾಳಿಗೇ ಸಾ, ಬೆಟ್ಟ ಹತ್ತೋದು ಮಾತ್ರ ಡೀಸೆಲ್‌ಗೆ."

ನ್ಯಾಯವಾಗಿ ಹೇಳಬೇಕೆಂದರೆ ಆ ರೆಕ್ಕೆ ತಿರುಗತೊಡಗಿದ ಒಂದೆರಡು ವರ್ಷದೊಳಗೆ ತನ್ನ ಇಂಗಾಲದ ಸಾಲ ತೀರಿಸಿಬಿಡುತ್ತದೆ. ಸಾಲ ತೀರಿಸದೆ ಓಡಾಡುವವರು ನಾವು.

ಎಲೆಕ್ಟ್ರಿಕ್ ಲಾರಿ ತಗೊಳ್ಳಬಾರದೇನಪ್ಪ ಎಂದು ಆ ಡ್ರೈವರಣ್ಣನನ್ನು ಕೇಳಿದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಲಾರಿಗೆ 9.6 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ, ಇಡೀ ದೇಶಕ್ಕೆ ಸುಮಾರು 5,600 ಲಾರಿ, ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಚೀಟಿ ತರಬೇಕು ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿದ. "ಇರೋದನ್ನ ಗುಜರಿಗೆ ಹಾಕಿ ಬಾ, ಆಮೇಲೆ ಹೊಸದಕ್ಕೆ ಸಾಲ ಮಾಡು ಅಂತೀರಿ. ಚಾರ್ಜ್ ಆಗೋಗಂಟ ನಾನಿಲ್ಲಿ ಕುಂತ್ರೆ ಈರುಳ್ಳಿ ಮೊಳಕೆ ಬತ್ತೈತೆ" ಅಂದ.

ಬಿಎಸ್-6 ಲಾರಿ ಬಂದ ಮೇಲೆ ಹೊಗೆ ಶುದ್ಧವಾಗಿದೆ ಎನ್ನುವವರಿದ್ದಾರೆ. ಆ ಲಾರಿಗೆ ಡೀಸೆಲ್ ಜೊತೆ ಯೂರಿಯಾ ನೀರು ಬೇರೆ ಕುಡಿಸಬೇಕು. ಅದು ತೊಳೆಯುವುದು ನೈಟ್ರೋಜನ್ ಆಕ್ಸೈಡನ್ನು, ಇಂಗಾಲವನ್ನಲ್ಲ. 2025ರ ಮಳೆಗಾಲದಲ್ಲಿ ರೈತರು ಯೂರಿಯಾ ಚೀಲಕ್ಕೆ ಆಧಾರ್ ಕಾರ್ಡು ಹಿಡಿದು ಸಾಲು ನಿಂತಿದ್ದಾಗ ಲಾರಿಗಳು ಬಂಕಿನಲ್ಲಿ ಸಾಲಿಲ್ಲದೆ ಕುಡಿದು ಹೋದವು.

ವಿಮಾನದ ಸರಕಿನ ಸಂಗತಿಯೂ ಇದೆಯಲ್ಲ. ಟನ್-ಕಿಲೋಮೀಟರ್ ಲೆಕ್ಕದಲ್ಲಿ ವಿಮಾನದ ಇಂಗಾಲ ಹಡಗಿನದಕ್ಕಿಂತ ಹತ್ತಾರು ಪಟ್ಟು. ಆದರೂ ಫೆಬ್ರವರಿ ಬಂದರೆ ಕೆಂಪೇಗೌಡ ನಿಲ್ದಾಣದಿಂದ ಗುಲಾಬಿಗಳು ಹಾರುತ್ತವೆ, ಪ್ರೇಮ ಹಡಗಿಗೆ ಕಾಯುವುದಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆ ದೇಶಕ್ಕೇ ಮಾದರಿ, ಏಕೆಂದರೆ ನಮಗೆ ವಿಮಾನ ನಿಲ್ದಾಣವೇ ಇಲ್ಲ. ರನ್‌ವೇ ಮಾತ್ರ ಇದೆ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಡಿಆರ್‌ಡಿಒದ್ದು. ಅಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ವಾಹನ ಎಂಜಿನ್ನಿನ ನೆರವಿಲ್ಲದೆ ತೇಲಿ ಬಂದು ಇಳಿಯಿತು. 2024ರಲ್ಲಿ 'ಪುಷ್ಪಕ್' ಎಂಬ ಹೆಸರಿನಲ್ಲಿ ಇನ್ನೆರಡು ಸಲ. ಹೊಗೆಯಿಲ್ಲದ ವಾಯುಸಾರಿಗೆ ಎಂದು ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಗೊತ್ತಾಯಿತು, ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲೆ ಎತ್ತಿಕೊಂಡು ಹೋದದ್ದು ಚಿನೂಕ್ ಹೆಲಿಕಾಪ್ಟರ್. ಗಾಳಿಯಂತ್ರದ ರೆಕ್ಕೆಯ ಕಥೆಯೇ ಮತ್ತೆ. ಪುರಾಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತಂತೆ. ಆ ತಂತ್ರಜ್ಞಾನ ಈಗ ಹೊಳಲ್ಕೆರೆ ರೂಟಿನ ಖಾಸಗಿ ಬಸ್ಸುಗಳಲ್ಲಿ ಉಳಿದಿದೆ.

ಹಾಗಂತ ನಮ್ಮಲ್ಲಿ ಸಾಗಣೆಯ ಹೊಗೆ ಇಳಿದೇ ಇಲ್ಲ ಎನ್ನಲಾಗದು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳು ನಿಂತವು. 2020ರಲ್ಲಿ ವೈರಸ್ಸು ನಿಲ್ಲಿಸಿತು. 2025ರ ಏಪ್ರಿಲ್ ಮಧ್ಯದಲ್ಲಿ ಡೀಸೆಲ್ ದರಕ್ಕೆ ಸಿಟ್ಟಾದ ಲಾರಿ ಮಾಲೀಕರೇ ಮುಷ್ಕರ ಹೂಡಿದರು. ಕೋರ್ಟು, ಕೊರೊನಾ, ಕೋಪ. ಈ ಮೂರಕ್ಕೂ ಹಸಿರು ಪ್ರಶಸ್ತಿ ಬಂದ ಸುದ್ದಿಯಿಲ್ಲ.

ಇಷ್ಟೆಲ್ಲ ಹೊಸ ವಿದ್ಯೆಗಳ ನಡುವೆ ಒಂದು ಹಳೆಯ ವಿದ್ಯೆಯೂ ಇದೆ: ರೈಲು. ಅಷ್ಟೇ ಸರಕನ್ನು ಲಾರಿಯ ಹೊಗೆಯ ಒಂದು ಸಣ್ಣ ಪಾಲಿನಲ್ಲಿ ಸಾಗಿಸುತ್ತದೆ. 2030ಕ್ಕೆ ದೇಶದ ಸರಕಿನಲ್ಲಿ ಶೇಕಡಾ 45 ರೈಲಿಗೆ ಬರಬೇಕೆಂದು ರಾಷ್ಟ್ರೀಯ ರೈಲು ಯೋಜನೆ ಬರೆದಿಟ್ಟಿದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ 191 ಕಿಲೋಮೀಟರ್ ಹೊಸ ಮಾರ್ಗ 2011-12ರ ಬಜೆಟ್ಟಿನ ಕೂಸು. ಆ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲು ಮುಟ್ಟಿದ್ದಾರೆ. ಮಾರ್ಗ ಇನ್ನೂ ಜಮೀನು, ಮಣ್ಣು, ಸೇತುವೆ ಎಂದು ಅಂಬೆಗಾಲಿಡುತ್ತಿದೆ. ಅದಕ್ಕೆ ಜಲ್ಲಿ, ಕಬ್ಬಿಣ, ಸಿಮೆಂಟು ಹೊತ್ತು ತರುವುದು ಲಾರಿಯೇ.

ಹಿರಿಯೂರಿಗೆ ರೈಲು ಬಂದಿಲ್ಲ. ಹೊಸದುರ್ಗ ಪಟ್ಟಣಕ್ಕೂ ಇಲ್ಲ. ಬೀರೂರು-ಚಿಕ್ಕಜಾಜೂರು ಹಳಿಯ ಮೇಲೆ ಅದರ ಹೆಸರಿನದೊಂದು ಸ್ಟೇಷನ್ ಇದೆ, ಊರಿನಿಂದ ದೂರದಲ್ಲಿ. ರೈಲ್ವೆಯವರು ಸುಳ್ಳು ಹೇಳುವವರಲ್ಲ. ಬೋರ್ಡಿನ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ 'ಹೊಸದುರ್ಗ ರೋಡ್' ಎಂದೇ ಬರೆಸಿದ್ದಾರೆ. ಅಲ್ಲಿ ಇಳಿದವರು ಹೊಸದುರ್ಗಕ್ಕೆ ಈಗಲೂ ರೋಡಿನಲ್ಲೇ ಹೋಗುತ್ತಾರೆ.