‘ಬ್ಲಡಿ’ ಶಬ್ದದ ಮಳವಳ್ಳಿ ಮೂಲ: ಒಂದು ಘನ ಸಂಶೋಧನೆ

ಇಂಗ್ಲಿಷರ ಹಳೆಯ ಬೈಗುಳ ‘ಬ್ಲಡಿ’ಯ ಹುಟ್ಟಿನ ಬಗ್ಗೆ ಅಲ್ಲಿನ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ರಕ್ತದಿಂದ ಬಂತು ಎನ್ನುವವರು ಕೆಲವರು. ಮೇರಿಮಾತೆಯ ಮೇಲಿನ ಆಣೆ, ಅಂದರೆ ‘ಬೈ ಅವರ್ ಲೇಡಿ’, ಸವೆದು ಹೀಗಾಯಿತು ಎನ್ನುವವರು ಕೆಲವರು. ಇಬ್ಬರೂ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನಿಂತವರಲ್ಲ. ನಿಂತಿದ್ದರೆ, “ಬಡ್ಡೆತ್ತುದ್ ಬಸ್ಸು ಇನ್ನೂ ಬರ್ನಿಲ್ವಲ್ಲ” ಎಂಬ ಶಿಷ್ಟಪ್ರಯೋಗ ಕಿವಿಗೆ ಬಿದ್ದು ಸಮಸ್ಯೆ ಅಲ್ಲೇ ಬಗೆಹರಿಯುತ್ತಿತ್ತು.

ಸೂತ್ರ ಸರಳ. ‘ಬಡ್ಡೆತ್ತುದ್’ನೊಳಗಿನ ‘ಬಡ್ಡಿ’ಯ ಬಕಾರಕ್ಕೆ ಲಕಾರದ ಒತ್ತು ಕೊಟ್ಟು, ಡಕಾರದ ಒತ್ತು ಕಿತ್ತರೆ ‘ಬ್ಲಡಿ’. ಲಕಾರ ಎಲ್ಲಿಂದ ಬಂತು? ‘ಕಣ್ಲಾ’, ‘ಯಾಕ್ಲಾ’, ‘ಬಾರ್ಲಾ’ ಎನ್ನುವ ಸೀಮೆಯಲ್ಲಿ ಲಕಾರಕ್ಕೆ ಬರವೇ? ಮಾತಿನ ಬಾಲದಲ್ಲಿದ್ದದ್ದು ಹಾರಿ ಮುಂದೆ ಕೂತಿದೆ, ಅಷ್ಟೆ.

ಶಬ್ದ ಕೈಬದಲಾದ ದಿನವೂ ಖಚಿತ: 1799ರ ಮಾರ್ಚ್ 27. ಅಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸನ ದಂಡು ಟಿಪ್ಪುವಿನ ಸೇನೆಯೊಡನೆ ಕಾದಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯೂ ಅಲ್ಲಿದ್ದ. ಹೊಲ ತುಳಿದುಕೊಂಡು ಹೋದ ದಂಡನ್ನು ನೋಡಿ ಮಳವಳ್ಳಿಯ ಒಕ್ಕಲುಮಗ ಏನೆಂದಿರಬೇಕು? ವಿವರಣೆ ಬೇಡ. ಈ ಪದ 17ನೇ ಶತಮಾನದಿಂದಲೇ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿತ್ತು ಎಂಬ ಒಂದು ಸಣ್ಣ ತೊಡಕುಂಟು. ಇಸವಿಗೆ ಹೆದರುವವರು ವ್ಯುತ್ಪತ್ತಿಗೆ ಕೈಹಾಕಬಾರದು.

ಎರವಲು ಪಡೆದರೂ ಬಳಸಲು ಇಂಗ್ಲಿಷರು ಕಲಿಯಲಿಲ್ಲ. 1914ರಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಎಲೈಜಾ ರಂಗದ ಮೇಲೆ ಈ ಪದ ಆಡಿದ್ದಕ್ಕೆ ಲಂಡನ್ನೇ ಬೆಚ್ಚಿತು, ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಮದ್ದೂರಿನಲ್ಲಿ ಅಜ್ಜಿ ಮೊಮ್ಮಗನನ್ನು ಕರೆಯುವುದೇ ಹೀಗೆ: “ಬಾರ್ಲಾ ಬಡ್ಡೈದ್ನೆ, ವಡೆ ತಣ್ಗಾಯ್ತದೆ.” ಕೋಪ, ಮುದ್ದು, ಬೆರಗು ಎಲ್ಲಕ್ಕೂ ಶಬ್ದ ಒಂದೇ, ಭೇದವೆಲ್ಲ ಸ್ಥಾಯಿಯದು. ಕಬ್ಬಿನ ಬಾಕಿ ಕೇಳುವಾಗ ತಾರ, ಬೀಗರೂಟದಲ್ಲಿ ಬಾಡು ಬಡಿಸುವಾಗ ಮಂದ್ರ. ಗೆಳೆಯ ಈ ಪದ ಬಿಟ್ಟು “ಬನ್ನಿ, ಕೂತ್ಕೊಳಿ” ಎಂದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ: ಏನೋ ಮನಸ್ತಾಪವಾಗಿದೆ.

ತಮ್ಮ ಉಚ್ಚಾರವೇ ಪ್ರಾಚೀನ ಎಂದು ಮಳವಳ್ಳಿಯವರು ವಾದಿಸುತ್ತಾರೆ. ಮದ್ದೂರಿನವರ ಉತ್ತರವೂ ಇದೇ ಪದ.

ಆದ್ದರಿಂದ ಆಕ್ಸ್‌ಫರ್ಡ್ ನಿಘಂಟಿನವರು ‘ಮೂಲ: ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ’ ಎಂದು ಕೂಡಲೇ ತಿದ್ದಿಕೊಳ್ಳತಕ್ಕದ್ದು. ಮಂಡ್ಯ ಜಿಲ್ಲೆಯಾದದ್ದೇ 1939ರಲ್ಲಿ ಎಂದು ಯಾರಾದರೂ ತಕರಾರು ತೆಗೆಯಬಹುದು. ಇಸವಿಯ ವಿಚಾರ ಆಗಲೇ ಹೇಳಿಯಾಗಿದೆ.