ರಾಜಕುಮಾರನಿಗೆ 64 ಬಿಟ್ ಕಂಟಕ

ಅಬ್ಬಿಗೆರೆಯಲ್ಲಿ ಹಳೆಯ ಯಂತ್ರಗಳಿಗೆ ಒಳ್ಳೆಯ ಮರ್ಯಾದೆ. ನಮ್ಮ ಬೀದಿಯ ತುದಿಯ ಶೆಡ್ಡಿನಲ್ಲಿ ಒಂದು ಎಚ್‌ಎಂಟಿ ಲೇತ್ ಇದೆ. ಯಜಮಾನರ ತಂದೆಯ ಕಾಲದ್ದು. ಬಣ್ಣ ಹೋಗಿದೆ, ಹಿಡಿಕೆ ಸವೆದು ಬೆಳ್ಳಗಾಗಿದೆ. ಸ್ವಿಚ್ ಒತ್ತಿದರೆ ಸಾಕು, ಮರುಮಾತಿಲ್ಲದೆ ತಿರುಗುತ್ತದೆ. ಇವತ್ತಿನ ಕರೆಂಟು ತನ್ನ ಕಾಲದ ಕರೆಂಟಲ್ಲ ಎಂದು ಅದು ಯಾವತ್ತೂ ತಕರಾರು ತೆಗೆದಿಲ್ಲ. ಅಂಥ ತಕರಾರೆಲ್ಲ ಕಂಪ್ಯೂಟರಿನದು.

ನನಗೆ ಬೇಕಾಗಿದ್ದದ್ದು ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಹಳೇ ಕಂಪ್ಯೂಟರ್ ಆಟ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈತನ ಪರಿಚಯ ಹೇಳಬೇಕಾಗಿಲ್ಲ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಎ.ಸಿ. ರೂಮಿನೊಳಗೆ ಹೋಗುತ್ತಿದ್ದೆವು. ಫೀಸು ಕಟ್ಟಿದ್ದು ಲೋಟಸ್ಸು, ಡಿಬೇಸು ಕಲಿಯೋಕೆ. ಕಲಿತದ್ದು, ಮೇಷ್ಟ್ರು ಟೀ ಕುಡಿಯಲು ಹೋದ ಹೊತ್ತಿನಲ್ಲಿ, ಡೇವ್ ಮತ್ತು ಪ್ರಿನ್ಸ್ ಆಟ. ಅರವತ್ತು ನಿಮಿಷದೊಳಗೆ ಹನ್ನೆರಡು ಹಂತ ದಾಟಿ, ಜಾಫರ್ ಎಂಬ ದುಷ್ಟನಿಂದ ರಾಜಕುಮಾರಿಯನ್ನು ಬಿಡಿಸಬೇಕು. ಅಷ್ಟೇ ಕತೆ. ಆದರೆ ಆ ಹುಡುಗನ ಓಟ! ಆಟ ರಚಿಸಿದ ಜಾರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಮೇಲೇ ಒಂದೊಂದು ಚಿತ್ರವನ್ನೂ ತಿದ್ದಿ ಬರೆದದ್ದು. 1989ರಲ್ಲಿ ಆಪಲ್ 2ಕ್ಕೆ ಬಂತು, ಮರುವರ್ಷ ಪಿಸಿಗಳ ಡಾಸ್‌ಗೆ. ಅಂಚು ಹಿಡಿದು ನೇತಾಡುವಾಗ ಅವನ ಕಾಲು ತೂಗುವುದನ್ನು ನೋಡಿದರೆ ನಮ್ಮ ಭುಜ ನೋಯುತ್ತಿತ್ತು.

ಈ ಆಟದ ಫ್ಲಾಪಿ ನನ್ನ ಹತ್ತಿರ ಇತ್ತು. ಅಟ್ಟದ ಮೇಲೆ, ಹಳೆಯ ಎಲ್‌ಐಸಿ ರಸೀದಿಗಳ ಕೆಳಗೆ. ನನ್ನವಳು ಆ ಡಬ್ಬವನ್ನು ಎಷ್ಟೋ ಸಲ ಗುಜರಿಯವನಿಗೆ ತೋರಿಸಿದ್ದಳು. ಅವನೇ ಬೇಡ ಅಂದಿದ್ದ. ನಾನು ಗತ್ತಿನಿಂದ ಹೇಳಿದೆ: "ನೋಡು, ಮೆಕ್ನರ್ ಈ ಆಟದ ಮೂಲ ಕೋಡು ಕಳೆದೇ ಹೋಯಿತು ಅಂದುಕೊಂಡಿದ್ದ. 2012ರಲ್ಲಿ ಅವರಪ್ಪನ ಬೀರುವಿನ ಮೂಲೆಯಲ್ಲಿ ಫ್ಲಾಪಿಗಳು ಸಿಕ್ಕವು. ಹಳೇ ಕಂಪ್ಯೂಟರ್ ಬಲ್ಲವರು ಸೇರಿ ಓದಿ ತೆಗೆದರು. ಈಗ ಪ್ರಪಂಚವೇ ಓದಬಹುದು." ಅವಳು ಒಗ್ಗರಣೆಯಿಂದ ಕಣ್ಣೆತ್ತದೆ, "ಅದು ಅವರಪ್ಪನ ಬೀರು ರೀ, ಇದು ನನ್ನ ಅಟ್ಟ" ಎಂದಳು.

ಫ್ಲಾಪಿ ಸಿಕ್ಕರೆ ಸಾಲದು, ತೂರಿಸಲು ಬಾಯಿ ಬೇಕಲ್ಲ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆ. ಗ್ರಾಫಿಕ್ಸ್ ಕಾರ್ಡ್ ಮಾರುವ ಹುಡುಗನಿಗೆ "ಫ್ಲಾಪಿ ಡ್ರೈವ್" ಅಂದದ್ದಕ್ಕೆ ಅವನು ನನ್ನನ್ನೇ ಒಂದು ಕ್ಷಣ ನೋಡಿ, "ಅದು ಸೇವ್ ಬಟನ್ ಅಲ್ವಾ ಸಾರ್?" ಎಂದ. ಒಳಗಿದ್ದ ದೊಡ್ಡವರೊಬ್ಬರು ನಕ್ಕು, ಮೇಲಿನ ಶೆಲ್ಫಿನಿಂದ ಯುಎಸ್‌ಬಿಗೆ ಚುಚ್ಚುವ ಡ್ರೈವೊಂದನ್ನು ಇಳಿಸಿ ಧೂಳು ಊದಿದರು. "ಯಾರೋ ಒಬ್ಬರು ಬಂದೇ ಬರ್ತೀರ ಅಂತ ಗೊತ್ತಿತ್ತು ಬಿಡಿ."

ಮನೆಗೆ ತಂದು ಹಾಕಿದೆ. ಕರ್ ಕರ್ ಎಂದು ಫ್ಲಾಪಿ ತಿರುಗಿತು. ಆ ಸದ್ದಿಗೇ ಕೊಟ್ಟ ದುಡ್ಡು ಸಂದಿತು ಅನ್ನಿ. ಫೈಲುಗಳು ಬಂದವು. ಡಬಲ್ ಕ್ಲಿಕ್ ಮಾಡಿದೆ. ಈ ಪ್ರೋಗ್ರಾಮು ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ಪರದೆ ಕೈಮುಗಿಯಿತು.

ಕಾರಣ ಇಷ್ಟೇ. ಡಾಸ್ ಕಾಲದ ಆಟಗಳು 16 ಬಿಟ್‌ನವು. 32 ಬಿಟ್ ವಿಂಡೋಸಿನಲ್ಲಿ ಅವಕ್ಕೆಂದೇ ಒಂದು ಹಿತ್ತಲು ಬಾಗಿಲು ಇತ್ತು. 64 ಬಿಟ್ ಬಂದಾಗ ಅದನ್ನು ಮುಚ್ಚಿಬಿಟ್ಟರು. ಈಗ ಬರುವ ಲ್ಯಾಪ್‌ಟಾಪುಗಳೆಲ್ಲ ಹೆಚ್ಚುಕಡಿಮೆ 64 ಬಿಟ್‌ನವೇ.

32 ಬಿಟ್ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರ್ ನಮ್ಮ ಏರಿಯಾದಲ್ಲಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದೇ ಲೇತ್ ಶೆಡ್ಡಿನಲ್ಲಿ, ವೈರ್‌ಕಟ್ ಮೆಷೀನಿನ ಪಕ್ಕ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ, ಮಾನಿಟರಿಗೆ ಕುಂಕುಮ. ಇಂಟರ್ನೆಟ್ಟಿನ ಸೋಂಕಿಲ್ಲ. ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ಪೀಠಿಕೆ ಹಾಕಿದೆ. ಯಜಮಾನರು ಕಾಟನ್ ವೇಸ್ಟಿನಲ್ಲಿ ಕೈ ಒರೆಸುತ್ತಾ, "ಸಾರ್, ನಮ್ ಮನೆಗೆ ಬನ್ನಿ, ಊಟ ಮಾಡಿ. ಇದನ್ನ ಮಾತ್ರ ಮುಟ್ಬೇಡಿ. ಇದು ಓಡ್ತಾ ಇದೆ" ಎಂದರು. ಆ ಕೊನೆಯ ಮಾತಿಗೆ ಯಾವ ಎಂಜಿನಿಯರ್ ತಾನೇ ಎದುರಾಡಿಯಾನು?

ಉಳಿದದ್ದು ಡಾಸ್‌ಬಾಕ್ಸ್. 2002ರಲ್ಲಿ ಶುರುವಾದ ಈ ಪುಕ್ಕಟೆ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರನ್ನು ನಟಿಸಿ ತೋರಿಸುತ್ತದೆ. ಎಷ್ಟು ಚೆನ್ನಾಗಿ ನಟಿಸುತ್ತದೆಂದರೆ, ವೇಗ ಕಡಿಮೆ ಮಾಡಲೆಂದೇ ಕೀಲಿ ಇದೆ: ಕಂಟ್ರೋಲ್ ಜೊತೆ ಎಫ್11. ದುಡ್ಡು ಸುರಿದು ವೇಗ ಕೊಳ್ಳುವುದು, ಆಮೇಲೆ ಕೂತು ಇಳಿಸುವುದು. ನಗಬೇಡಿ, ಹಿಂದೆಯೂ ಹೀಗೇ ಇತ್ತು. ಕೆಲವು ಆಟಗಳು ಮೊದಲ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ವೇಗದ ಯಂತ್ರ ಬಂದಾಗ ಅವು ಹುಚ್ಚೆದ್ದು ಓಡಿದವು. ಅದಕ್ಕೇ ಪೆಟ್ಟಿಗೆಯ ಮುಂದೆ ಟರ್ಬೊ ಬಟನ್ ಇಟ್ಟದ್ದು. ಹೆಸರು ಟರ್ಬೊ, ಕೆಲಸ ನಿಧಾನ ಮಾಡುವುದು!

ವಿಂಡೋಸಿನ ಜೊತೆ ಬರುತ್ತಿದ್ದ ಪಿನ್‌ಬಾಲ್ ನೆನಪಿರಬೇಕು. ಹೊಸ ಯಂತ್ರದಲ್ಲಿ ಅದು ಲಂಗುಲಗಾಮಿಲ್ಲದೆ ಸೆಕೆಂಡಿಗೆ ಸಾವಿರಗಟ್ಟಲೆ ಚಿತ್ರ ಬರೆಯುತ್ತಾ ಇಡೀ ಪ್ರೊಸೆಸರನ್ನೇ ನುಂಗುತ್ತಿತ್ತು. ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಅದಕ್ಕೆ 100ರ ಮಿತಿ ಹಾಕಿದರು. 64 ಬಿಟ್‌ಗೆ ತಂದಾಗ ಚೆಂಡು ಗೋಡೆ, ಹಲಗೆ ಯಾವುದನ್ನೂ ಲೆಕ್ಕಿಸದೆ ಸೀದಾ ಕೆಳಗೆ ಬಿತ್ತು. ಕಾರಣ ಪತ್ತೆಯಾಗದೆ ಆಟವನ್ನೇ ಕೈಬಿಟ್ಟೆವೆಂದು ಅವರೇ ಬರೆದುಕೊಂಡಿದ್ದಾರೆ. ಮೈಕ್ರೋಸಾಫ್ಟಿಗೇ ಆಗದ್ದನ್ನು ಅಬ್ಬಿಗೆರೆಯಲ್ಲಿ ಕೂತು ನಾನು ಹೊರಟಿದ್ದೆ ಎಂಬ ಜಂಬ ನನಗೆ ಸ್ವಲ್ಪ ಇತ್ತು.

ಮೌಂಟ್ ಸಿ ಎಂದು ಬರೆದು, ಫೋಲ್ಡರಿನ ದಾರಿ ತೋರಿಸಿ, ಪ್ರಿನ್ಸ್ ಎಂದು ಕುಟ್ಟಿದೆ. ಬಂದ! ಕಂಬಿ ಬಾಗಿಲು ದಡಾರನೆ ಬಿತ್ತು, ನೆಲದಲ್ಲಿ ಕುಳಿತಿದ್ದವನು ಎದ್ದು ನಿಂತ. ಮಗನನ್ನು ಕೂಗಿದೆ. ಅವನು ಫೋನಿನಿಂದ ತಲೆಯೆತ್ತಿ, "ಅಪ್ಪಾ, ಇದು ಇಂಟರ್ನೆಟ್ ಆರ್ಕೈವಲ್ಲಿ ಸಿಗುತ್ತೆ. ಬ್ರೌಸರಲ್ಲೇ ಆಡ್ಬೋದು" ಎಂದು ತೋರಿಸಿಯೂ ಬಿಟ್ಟ. 2015ರಿಂದ ಅಲ್ಲಿ ಸಾವಿರಾರು ಡಾಸ್ ಆಟಗಳಿವೆ. ಒಳಗೆ ಓಡುವುದು ಅದೇ ಡಾಸ್‌ಬಾಕ್ಸ್. ಆದರೂ ಮಕ್ಕಳಿಗೆ ಇಷ್ಟೊಂದು ತಿಳಿದಿರಬಾರದು.

ಮೊದಲ ಹಂತ ದಾಟಿದೆ. ಮುಂದೆ ಸೀಸೆಗಳ ಕೋಣೆ. ಆಟದ ಜೊತೆ ಬರುತ್ತಿದ್ದ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರ ಯಾವುದೋ, ಆ ಸೀಸೆಯನ್ನೇ ಕುಡಿಯಬೇಕು. ತಪ್ಪಿದರೆ ಜೀವಕ್ಕೇ ಪೆಟ್ಟು. ಕದ್ದು ಕಾಪಿ ಮಾಡಿದವರನ್ನು ಹಿಡಿಯಲು ಕಂಪನಿ ಹೂಡಿದ ಉಪಾಯ. ನಮ್ಮದು ಕಾಪಿಯ ಕಾಪಿಯ ಕಾಪಿ. ಆ ಪುಸ್ತಕವನ್ನು ನಮ್ಮ ಕ್ಲಾಸಿನಲ್ಲಿ ಕಣ್ಣಾರೆ ಕಂಡವರೇ ಇರಲಿಲ್ಲ. ದೇವರ ಮೇಲೆ ಭಾರ ಹಾಕಿ ಕುಡಿಯುತ್ತಿದ್ದೆವು. ಈಗ ಆ ಪುಸ್ತಕದ ಸ್ಕ್ಯಾನ್ ಸಿಗುತ್ತದೆ. ಇಷ್ಟು ವರ್ಷದ ಮೇಲೆ ಸರಿಯಾದ ಸೀಸೆ ಕುಡಿದು ಮುಂದೆ ಹೋಗಿ, ಮೊಳೆಗಳ ಮೇಲೆ ಬಿದ್ದು ಸತ್ತೆ.

ನಿಮ್ಮ ಅಟ್ಟದಲ್ಲೂ ಫ್ಲಾಪಿ ಇದ್ದರೆ ಈ ಭಾನುವಾರವೇ ಇಳಿಸಿ ಕಾಪಿ ಮಾಡಿಕೊಳ್ಳಿ. ಅದರ ಕಾಂತೀಯ ಲೇಪಕ್ಕೆ ಆಯಸ್ಸು ಕಡಿಮೆ, ಫಂಗಸ್ ಬೇರೆ ಹಿಡಿಯುತ್ತದೆ. ಆಡುವಾಗ ಪ್ರಿನ್ಸ್ ಎಂಬುದರ ಮುಂದೆ ಮೆಗಾಹಿಟ್ ಎಂದು ಸೇರಿಸಿದರೆ ಏನೇನು ವರ ಸಿಗುತ್ತದೆಂದು ನಿಮಗೆ ನೆನಪಿರಬಹುದು. ದಯವಿಟ್ಟು ಮಕ್ಕಳೆದುರಿಗೆ ಹೇಳಬೇಡಿ.